ಅಣ್ಣನ ಕಣ್ಣು

ಬಣ್ಣ ಕಿತ್ತು ಬಂದರೆ ಜನ ಅಂಗಡಿಯವನನ್ನು ಬೈಯುತ್ತಾರೆ. ಕರಿಬಸಪ್ಪ ಗುರುವನ್ನು ಹುಡುಕಿಕೊಂಡು ಹೊರಟ.

ಹೊಳೆಯ ದಂಡೆಯಲ್ಲಿ ಒಂದು ಬೇವಿನ ಮರ, ಮರದ ಕೆಳಗೆ ತಗಡಿನ ಶೆಡ್ಡು. ಅಲ್ಲಿ ಚಿತ್ರಗಾರ ಹಾಲಪ್ಪಜ್ಜ ಇದ್ದರು. ಸುತ್ತಲಿನ ಊರುಗಳ ಮರದ ದೇವರುಗಳಿಗೆ ಬಣ್ಣ ಹಚ್ಚುವವರು ಅವರೇ. ಅವರು ಹಚ್ಚಿದ ಬಣ್ಣ ಹನ್ನೆರಡು ವರ್ಷ ಕದಲುವುದಿಲ್ಲ ಎಂಬ ಮಾತಿತ್ತು. ಆ ಮಾತು ಕೇಳಿಯೇ ಕರಿಬಸಪ್ಪ ಬಂದದ್ದು.

ಬಂದದ್ದು ಸ್ಕೂಟರಿನಲ್ಲಿ. ಹಿಂದಿನ ಸೀಟಿನಲ್ಲಿ ಹಗ್ಗ ಸುತ್ತಿಸಿಕೊಂಡು ಒಂದು ರೋಬೋ ಗೊಂಬೆ ಕುಳಿತಿತ್ತು. ಪ್ಲಾಸ್ಟಿಕ್ಕಿನದು, ನಿಲ್ಲಿಸಿದರೆ ಆಳಿನ ಎದೆಯವರೆಗೆ ಬರುವಷ್ಟು ದೊಡ್ಡದು. ಮೈಯೆಲ್ಲ ಕೆಂಪು. ಆ ಕೆಂಪು ಅಲ್ಲಲ್ಲಿ ಹಪ್ಪಳದ ಹಾಗೆ ಎದ್ದಿತ್ತು. ಕಣ್ಣಿರಬೇಕಾದ ಕಡೆ ಎರಡು ತುಂಡು ಕಾಗದದ ಟೇಪು. ಬಣ್ಣ ತಾಗಬಾರದ ಜಾಗಕ್ಕೆ ಪೇಂಟರುಗಳು ಅಂಟಿಸುತ್ತಾರಲ್ಲ, ಅದು.

ಅಜ್ಜ ಸ್ಕೂಟರನ್ನೂ ಸವಾರಿಯನ್ನೂ ನೋಡಿದರು.

“ಇವರು ಯಾರಪ್ಪ? ಹೆಲ್ಮೆಟ್ ಇಲ್ಲದೆ ಕರಕೊಂಡು ಬಂದೀಯಲ್ಲ?”

ಕರಿಬಸಪ್ಪ ನಗಲಿಲ್ಲ.

“ಇದಕ್ಕೆ ಬಣ್ಣ ನಿಲ್ತಿಲ್ಲ ಅಜ್ಜ. ಹನ್ನೊಂದು ಸಲ ಹೊಡೆದೆ. ಹನ್ನೊಂದು ಸಲಾನೂ ಎದ್ದು ಬಂತು. ಬಣ್ಣ ನಿಲ್ಲೋ ವಿದ್ಯೆ ಕಲಿಸಿಕೊಡ್ರಿ.”

“ನಿನ್ನ ಕಸುಬೇನು?”

“ಗ್ಯಾರೇಜಿನಲ್ಲಿ ಪೇಂಟರ್. ಕಾರಿಗೆ ಸ್ಪ್ರೇ ಹೊಡೀತೀನಿ. ಹದಿನೆಂಟು ವರ್ಷ ಆಯ್ತು.”

“ಕಾರಿನ ಬಣ್ಣ ನಿಲ್ಲುತ್ತೋ?”

“ನಿಲ್ಲುತ್ತೆ.”

“ಹಂಗಾದ್ರೆ ವಿದ್ಯೆ ನಿನ್ನ ಹತ್ರಾನೇ ಐತೆ. ನನ್ನ ಹತ್ರ ಯಾಕೆ ಬಂದೆ?”

ಕರಿಬಸಪ್ಪ ಹಗ್ಗದ ಗಂಟಿನ ಮೇಲೆ ಕೈ ಇಟ್ಟು ನಿಂತೇ ಇದ್ದ. ಆ ಕೈಯ ಉಗುರುಗಳ ಸಂದಿಯಲ್ಲೂ ಕೆಂಪು ಕೂತಿತ್ತು.

ಅಜ್ಜ ಎದ್ದರು. “ಇಳಿಸು ಅವರನ್ನ. ಬಿಸಿಲಾಗೈತೆ.”

ಹೀಗೆ ನಲವತ್ತರ ಕರಿಬಸಪ್ಪ ಎಂಬತ್ತರ ಅಜ್ಜನಿಗೆ ಶಿಷ್ಯನಾದ.

*

“ನನ್ನೆದುರಿಗೆ ಒಂದು ಸಲ ಹೊಡಿ. ನೋಡ್ತೀನಿ.”

ಕರಿಬಸಪ್ಪ ನೀರು ಸುರಿದು ಉಜ್ಜುಕಾಗದದಿಂದ ಗೊಂಬೆಯ ಮೈ ತಿಕ್ಕಿದ. ಹಳೆಯ ಕೆಂಪೆಲ್ಲ ಹೋಗಿ ಹಳದಿಗಟ್ಟಿದ ಬಿಳಿ ಬಂತು. ಸೋಪು ಹಾಕಿ ತೊಳೆದ, ನೆರಳಲ್ಲಿ ಒಣಗಿಸಿದ. ಆಮೇಲೆ ಹಣೆಗೆ ಟವೆಲ್ ಬಿಗಿದು ಕಟ್ಟಿಕೊಂಡ.

“ಅದ್ಯಾಕೆ?”

“ಬೆವರಿಗೆ ಅಜ್ಜ. ಹಸಿ ಬಣ್ಣದ ಮೇಲೆ ಒಂದು ಹನಿ ನೀರು ಬಿದ್ರೂ ಗುಳಿ ಬೀಳುತ್ತೆ. ಇಡೀ ದಿನದ ಕೆಲಸ ಹಾಳು.”

“ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂದಂಗೆ.”

“ಹೂಂ. ಒಣಗೋವರೆಗೂ ನೀರು ಬೀಳಬಾರದು.”

ಡಬ್ಬಿ ಅಲ್ಲಾಡಿಸಿದ. ಒಳಗಿನ ಗುಂಡು ಟಕಟಕ ಎಂದಿತು. ಕೈ ಎಡದಿಂದ ಬಲಕ್ಕೆ ಹೋಯಿತು, ಬಲದಿಂದ ಎಡಕ್ಕೆ ಬಂತು. ಎಲ್ಲಿಯೂ ನಿಲ್ಲಲಿಲ್ಲ, ಎಲ್ಲಿಯೂ ಅವಸರ ಮಾಡಲಿಲ್ಲ. ಬಣ್ಣ ಮಂಜಿನಂತೆ ಇಳಿದು ಕೂತಿತು. ಅಜ್ಜನಿಗೆ ಸ್ಪ್ರೇ ಎಂದರೆ ಅಷ್ಟಕ್ಕಷ್ಟೆ. ಕುಂಚ ಮುಟ್ಟಿಸದೆ ಬಣ್ಣ ಹಚ್ಚುವುದು ಕೈ ಮುಟ್ಟಿಸದೆ ಅನ್ನ ಕಲಸಿದ ಹಾಗೆ ಎಂದು ಅವರ ಮತ. ಆದರೂ ಆ ಕೈಯನ್ನು ನೋಡಿ ತಲೆದೂಗಿದರು.

“ಕೈ ಚೆನ್ನಾಗೈತೆ.”

ಕರಿಬಸಪ್ಪ ಏನು ಮಾಡಿದ ಎಂಬುದನ್ನು ಅಜ್ಜ ನೋಡಿದರು. ಏನು ಮಾಡಲಿಲ್ಲ ಎಂಬುದನ್ನೂ ನೋಡಿದರು. ಅದನ್ನು ಮಾತ್ರ ಹೇಳಲಿಲ್ಲ.

“ಮೂರು ದಿನ ಬಿಡು. ಅಲ್ಲಿವರೆಗೆ ನನ್ನ ಕುಂಚ ತೊಳಿ.”

*

ಮಧ್ಯಾಹ್ನ ಒಬ್ಬ ಹೆಂಗಸು ಬಸ್ಸಿಳಿದು ದಂಡೆಗುಂಟ ನಡೆದು ಬಂದಳು. ಕೈಯಲ್ಲಿ ಊಟದ ಕ್ಯಾರಿಯರ್. ಅದನ್ನು ಮರದ ಬುಡದಲ್ಲಿ ಇಟ್ಟಳು. ಗೊಂಬೆಯನ್ನು ಒಂದು ಗಳಿಗೆ ನೋಡಿದಳು. ಕರಿಬಸಪ್ಪನನ್ನು ನೋಡಲಿಲ್ಲ. ಅವನೂ ತಲೆ ಎತ್ತಲಿಲ್ಲ. ಬಂದ ಹಾಗೇ ಹೋದಳು.

“ಯಾರದು?”

“ನಮ್ಮನೆಯಾಕೆ. ನಾಗವೇಣಿ.”

“ಉಣ್ಣು ಹಂಗಾದ್ರೆ.”

“ಹಸಿವಿಲ್ಲ ಅಜ್ಜ.”

“ದಿನಾನೂ ಹಿಂಗೇ ವಾಪಸ್ ಕಳಿಸ್ತೀಯಾ?”

ಅಜ್ಜ ಕ್ಯಾರಿಯರ್ ಬಿಚ್ಚಿದರು. ರೊಟ್ಟಿ, ಬದನೆಕಾಯಿ ಪಲ್ಯ, ಕಡೆಯ ಡಬ್ಬಿಯಲ್ಲಿ ಮೊಸರನ್ನ. ಕೂತು ಉಂಡರು. ಬೆರಳು ಚೀಪಿದರು. ಇಂಥ ಪಲ್ಯವನ್ನು ಬೇಡ ಅನ್ನುವವನಿಗೆ ವಿದ್ಯೆ ಹತ್ತುವುದು ಕಷ್ಟ ಎಂದು ಗೊಣಗಿದರು.

ಮರುದಿನ ನಾಗವೇಣಿ ಬಂದು ಖಾಲಿ ಕ್ಯಾರಿಯರ್ ಎತ್ತಿಕೊಂಡಳು. ಹಗುರವಾಗಿತ್ತು. ಅವಳ ಮುಖ ಅರಳಿತು. ಅದು ಅಜ್ಜನ ಕಣ್ಣಿಗೆ ಬಿತ್ತು. ಸುಳ್ಳು ಹೇಳಬಹುದಿತ್ತು. ಅವರಿಗೆ ಬರಲಿಲ್ಲ.

“ಉಂಡಿದ್ದು ನಾನು ತಾಯಿ.”

ಅವಳು ಕ್ಯಾರಿಯರನ್ನು ಎದೆಗೆ ಒತ್ತಿಕೊಂಡು ನಿಂತಳು.

“ಹೋಗ್ಲಿ ಬಿಡ್ರಿ ಅಜ್ಜ. ಯಾರೋ ಒಬ್ರು ಉಂಡ್ರಲ್ಲ.”

ಕರಿಬಸಪ್ಪ ಹೊಳೆಯಲ್ಲಿ ಕುಂಚ ತೊಳೆಯುತ್ತಿದ್ದ. ಮಾತು ಅಲ್ಲಿಗೆ ಕೇಳುವಷ್ಟು ಹತ್ತಿರವಿರಲಿಲ್ಲ. ಅವಳು ದನಿ ತಗ್ಗಿಸದೆಯೇ ಹೇಳಿದಳು.

“ನಮಗೊಬ್ಬ ಮಗ ಇದ್ದ. ಪ್ರೀತಮ್. ಏಳು ವರ್ಷ. ಜ್ವರ ಬಂತು, ನಾಲ್ಕೇ ದಿನ. ಬರೋ ಸೋಮವಾರಕ್ಕೆ ಒಂದು ವರ್ಷ ಆಗುತ್ತೆ. ಈ ಮನುಷ್ಯ ಒಂದು ಹನಿ ಕಣ್ಣೀರು ಹಾಕಿಲ್ಲ ಅಜ್ಜ. ಮಣ್ಣು ಮಾಡಿದ ದಿನಾನೂ ಇಲ್ಲ. ಅವತ್ತು ಸಾಯಂಕಾಲ ಮನೆಗೆ ಬಂದವ್ನು ಸ್ನಾನ ಮಾಡಿ ಇದನ್ನ ತಿಕ್ಕೋಕೆ ಕೂತ. ಇನ್ನೂ ಎದ್ದಿಲ್ಲ.”

“ನಿನ್ನ ಜೊತೆ ಮಾತಾಡ್ತಾನಾ?”

“ಉಜ್ಜುಕಾಗದ ಎಲ್ಲೈತೆ ಅಂತ ಕೇಳ್ತಾರೆ.”

 

*

ಮೂರನೆಯ ದಿನ ಅಜ್ಜ ಗೊಂಬೆಯ ಭುಜವನ್ನು ಉಗುರಿನಿಂದ ಕೆರೆದರು. ಕೆಂಪು ಸಿಪ್ಪೆಯಂತೆ ಸುರುಳಿ ಸುತ್ತಿಕೊಂಡು ಎದ್ದಿತು.

“ಬಿಡ್ತು.”

“ಬಿಡ್ತು,” ಎಂದ ಕರಿಬಸಪ್ಪ. ಹಾಗೆಂದು ಉಜ್ಜುಕಾಗದ ಕೈಗೆ ತೆಗೆದುಕೊಂಡ. ಅವನ ಮುಖದಲ್ಲಿ ಬೇಸರ ಇರಲಿಲ್ಲ. ಕೆಲಸ ಸಿಕ್ಕವನ ಮುಖ ಅದು.

“ಇದಕ್ಕೆ ಕೆಂಪೇ ಯಾಕೆ ಬೇಕು?” ಅಜ್ಜ ಕೇಳಿದರು.

ಕೈ ತಿಕ್ಕುತ್ತಲೇ ಇತ್ತು.

“ಗ್ಯಾರೇಜಿಗೆ ಬಂದ ಗಿರಾಕಿಯೊಬ್ರು ಕೊಟ್ಟಿದ್ದು ಅಜ್ಜ. ಅವರ ಮಕ್ಕಳು ಆಡಿ ಬಿಟ್ಟಿದ್ದು, ಮಾಸಿಹೋಗಿತ್ತು. ಮನೆಗೆ ತಂದೆ. ನಮ್ಮ ಹುಡುಗ ಇದರ ಪಕ್ಕ ನಿಂತು ಎತ್ತರ ನೋಡಿದ. ಇದೇ ಒಂದು ಚೂರು ಎತ್ತರ. ‘ಹಂಗಾದ್ರೆ ಇದು ನಂಗೆ ಅಣ್ಣ’ ಅಂದ. ಅವತ್ತಿಂದ ಇದರ ಹೆಸರು ಅಣ್ಣ. ಉಣ್ಣೋವಾಗ ಅಣ್ಣಂಗೂ ತಟ್ಟೆ, ಮಲಗೋವಾಗ ಅಣ್ಣಂಗೂ ಚಾದರ.”

“ಆಮೇಲೆ?”

“‘ಅಪ್ಪಾ, ಅಣ್ಣಂಗೆ ಕೆಂಪು ಹೊಡಿ. ಕಾರಿಗೆ ಹೊಡೀತೀಯಲ್ಲ, ಆ ಕೆಂಪು’ ಅಂದ. ನಾಳೆ ಅಂದೆ. ಭಾನುವಾರ ಅಂದೆ. ಗ್ಯಾರೇಜಿನಲ್ಲಿ ಹೊಡೆದೂ ಹೊಡೆದೂ ಸಾಕಾಗಿರುತ್ತೆ ಅಜ್ಜ, ಮನೇಲಿ ಡಬ್ಬಿ ಮುಟ್ಟೋಕೆ ಮನಸ್ಸಾಗಲ್ಲ. ಎಷ್ಟು ಭಾನುವಾರ ಹೋಯ್ತೋ. ಕಡೇಗೆ ಜ್ವರದಾಗೆ ಮಲಗಿದ್ದಾಗಲೂ ಕೇಳಿದ. ನಾಳೆ ಹೊಡೀತೀನಿ ಮಲಕ್ಕೋ ಅಂದೆ.”

ತಿಕ್ಕುವ ಸದ್ದು ನಿಲ್ಲಲಿಲ್ಲ.

“ನಾಳೆ ಅಂದವನ ಮನೆ ಹಾಳು ಅಂತಾರಲ್ಲ. ಗಾದೆ ಮಾಡಿದವ್ನು ನಮ್ಮನೆ ನೋಡೇ ಮಾಡಿರಬೇಕು.”

ತಿಕ್ಕುತ್ತಲೇ ಕರಿಬಸಪ್ಪ ಕೇಳಿದ.

“ನಿಮಗೆ ಮಕ್ಕಳು ಎಷ್ಟು ಜನ ಅಜ್ಜ?”

“ಮೂವರು. ಮೂವರೂ ಗಟ್ಟಿಯಾಗಿದಾರೆ. ದಿನಾ ನನ್ನ ಜೊತೆ ಜಗಳ.”

“ಪುಣ್ಯವಂತರು.”

“ಹೌದು. ಅದಕ್ಕೇ ಹೇಳ್ತೀನಿ ಕೇಳು. ನಿನ್ನ ದುಃಖ ನಂಗೆ ಗೊತ್ತಿಲ್ಲ. ಗೊತ್ತು ಅಂದ್ರೆ ಸುಳ್ಳಾಗುತ್ತೆ. ನಂಗೆ ಗೊತ್ತಿರೋದು ಬಣ್ಣ ಒಂದೇ.”

*

ಆ ವಾರವೇ ಪಕ್ಕದ ಊರಿನ ದುರ್ಗಮ್ಮನ ಮರದ ಮೂರ್ತಿಗೆ ಬಣ್ಣ ಮುಗಿದಿತ್ತು. ಕಣ್ಣು ಮಾತ್ರ ಬಾಕಿ. ಊರಿನ ಜನ ಬಂದರು.

ಕಣ್ಣು ಬರೆಯುವುದಕ್ಕೆ ಅಜ್ಜನ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಬರೆಯುವವನು ಮೂರ್ತಿಯ ಎದುರಿಗೆ ಕೂರಬಾರದು. ಪಕ್ಕದಲ್ಲಿ ಕೂರಬೇಕು. ಎದುರಿಗೆ ಆ ಊರಿನ ಒಬ್ಬ ಹೆಂಗಸು ಕನ್ನಡಿ ಹಿಡಿಯಬೇಕು. ಅವನು ಕನ್ನಡಿಯಲ್ಲಿ ನೋಡುತ್ತ ಬರೆಯಬೇಕು. ಬರೆದ ಮೇಲೆ ಮತ್ತೆ ಕುಂಚ ಮುಟ್ಟಿಸುವ ಹಾಗಿಲ್ಲ.

ಅಂದು ಒಬ್ಬ ಮುದುಕಿ ಕನ್ನಡಿ ಹಿಡಿದಳು. ಅಜ್ಜ ಎರಡು ಕಣ್ಣು ಬರೆದರು, ಕುಂಚ ಕೆಳಗಿಟ್ಟರು, ಎದ್ದು ಹೊಳೆಯ ಕಡೆ ನಡೆದರು. ಜನ ಉಧೋ ಉಧೋ ಎನ್ನುತ್ತ ದೇವಿಯನ್ನು ಎತ್ತಿಕೊಂಡು ಹೋದರು. ಅಜ್ಜ ತಿರುಗಿ ನೋಡಲಿಲ್ಲ.

ಕರಿಬಸಪ್ಪ ಹಿಂದೆಯೇ ಹೋದ.

“ಮೂರು ತಿಂಗಳು ಮಾಡಿದ ಕೆಲಸ. ಒಂದು ಸಲ ನೋಡಲೂ ಇಲ್ಲವಲ್ಲ ಅಜ್ಜ?”

“ಕಣ್ಣು ಬರೆಯೋವರೆಗೆ ಅದು ನನ್ನದು. ತಿಕ್ಕಬಹುದು, ಬಳೀಬಹುದು, ತಪ್ಪಾಯ್ತು ಅಂತ ಮತ್ತೆ ತಿಕ್ಕಬಹುದು. ಕಣ್ಣು ಬಂದ ಮೇಲೆ ಅದು ಅವರದು.”

“ಕಷ್ಟ ಆಗಲ್ವಾ?”

“ಆಗುತ್ತೆ. ಮೊದಲನೇ ಸಲ ಕಣ್ಣು ಬರೆಯೋಕೆ ನಮ್ಮಪ್ಪ ಕುಂಚ ಕೊಟ್ಟಾಗ ಎಂಟು ದಿನ ಬರೀಲಿಲ್ಲ. ಮುಂಗೈ ಸರಿ ಬಂದಿಲ್ಲ, ಸೀರೆ ಅಂಚು ಡೊಂಕು ಅಂತ ಏನೋ ಒಂದು ತೆಗೀತಿದ್ದೆ. ಕಡೇಗೆ ಅಪ್ಪ ಬೆನ್ನಿಗೆ ಒಂದು ಗುದ್ದಿದ.”

ಕರಿಬಸಪ್ಪ ಶೆಡ್ಡಿಗೆ ಮರಳಿದ. ಅಜ್ಜ ಬರುವಷ್ಟರಲ್ಲಿ ಅವನು ಗೊಂಬೆಯ ಮೈಯನ್ನು ಮತ್ತೆ ತಿಕ್ಕುತ್ತಿದ್ದ. ಅದರ ಮೇಲೆ ತಿಕ್ಕುವುದಕ್ಕೆ ಬಣ್ಣವೇ ಇರಲಿಲ್ಲ.

ಅಜ್ಜ ಅವನ ಕೈಯಿಂದ ಉಜ್ಜುಕಾಗದ ಕಿತ್ತುಕೊಂಡರು.

“ನಾವು ಮರಕ್ಕೆ ಬಣ್ಣ ಹಚ್ಚೋ ಮೊದಲು ಏನು ಬಳೀತೀವಿ?”

“ಬಿಳಿ ಮಣ್ಣು.”

“ಯಾಕೆ?”

“ಅದಿಲ್ಲದೆ ಬಣ್ಣ ಮರವನ್ನ ಹಿಡಿಯಲ್ಲ.”

“ನಿಮ್ಮ ಗ್ಯಾರೇಜಿನಲ್ಲಿ?”

“ಪ್ರೈಮರ್.”

“ಕಾರಿನ ಬಂಪರು ಪ್ಲಾಸ್ಟಿಕ್ಕಿನದು ಅಲ್ವಾ? ಅದಕ್ಕೆ?”

“ಪ್ಲಾಸ್ಟಿಕ್ಕಿಗೇ ಬೇರೆ ಪ್ರೈಮರ್ ಬರುತ್ತೆ.”

“ಇದಕ್ಕೆ ಹೊಡೆದ್ಯಾ?”

ಹೊಳೆಯ ಮೇಲಿಂದ ಗಾಳಿ ಬಂತು. ನೆಲದ ಮೇಲಿನ ಕೆಂಪು ಪುಡಿ ಸ್ವಲ್ಪ ಸರಿಯಿತು.

“ಮರೆತೆ.”

“ಹನ್ನೆರಡು ಸಲಾನೂ?”

ಕರಿಬಸಪ್ಪ ಮೋಸಗಾರನಲ್ಲ. ನಿಜವಾಗಿಯೂ ಇಷ್ಟು ದಿನ ಅವನಿಗೇ ಗೊತ್ತಿರಲಿಲ್ಲ. ಪ್ರತಿ ಸಲವೂ ಅಂಗಡಿಗೆ ಹೋಗಿ ಕೆಂಪು ಡಬ್ಬಿ ಮಾತ್ರ ತಂದಿದ್ದ. ಪಕ್ಕದಲ್ಲೇ ಇದ್ದ ಪ್ರೈಮರ್ ಡಬ್ಬಿಯ ಕಡೆ ಕೈ ಹೋಗಿರಲಿಲ್ಲ. ಹದಿನೆಂಟು ವರ್ಷದ ಕೈ.

“ನಿಲ್ಲೋದು ಬೇಡ ಅಂತಾನೇ ಹೊಡೀತಿದ್ದೀಯ ನೀನು,” ಎಂದರು ಅಜ್ಜ. “ಆ ಟೇಪಿನ ಕೆಳಗೆ ಏನೈತೆ?”

“ಕಣ್ಣು.”

“ಯಾರ ಕಣ್ಣು?”

“ಅಣ್ಣಂದು. ‘ಕೆಂಪು ನೀನು ಹೊಡಿ, ಕಣ್ಣು ನಾನೇ ಬರೀತೀನಿ’ ಅಂದಿದ್ದ. ಎಲ್ಲಿ ಬರಬೇಕು ಅಂತ ಪೆನ್ನಿನಾಗೆ ಎರಡು ದುಂಡು ಗೆರೆ ಹಾಕಿಟ್ಟಿದ್ದ. ಅದು ಅಳಿಸಬಾರದು ಅಂತ ಟೇಪ್ ಅಂಟಿಸಿದೆ.” ಅವನು ನೆಲ ನೋಡುತ್ತ ಹೇಳಿದ. “ಕೆಂಪು ನಿಂತುಬಿಟ್ರೆ ಆಮೇಲೆ ಕಣ್ಣೇ ಅಲ್ವಾ ಅಜ್ಜ? ಕಣ್ಣು ಬರೆಯೋನು ಎಲ್ಲಿದಾನೆ?”

ಅಜ್ಜ ಉಜ್ಜುಕಾಗದವನ್ನು ಮಡಚಿ ಪಕ್ಕಕ್ಕಿಟ್ಟರು.

“ಹೋಗಿ ಪ್ರೈಮರ್ ತಗೊಂಡು ಬಾ.”

*

ತಂದ. ಹೊಡೆದ. ಬೂದು ಬಣ್ಣದ ತೆಳುವಾದ ಒಂದು ಪದರ. ಒಂದು ದಿನ ಬಿಟ್ಟ. ಮರುದಿನ ಹಣೆಗೆ ಟವೆಲ್ ಕಟ್ಟಿಕೊಂಡು ಕೆಂಪು ಹೊಡೆದ. ಒಂದು ಸಲ, ಒಣಗಿದ ಮೇಲೆ ಎರಡನೇ ಸಲ, ಮತ್ತೆ ಒಣಗಿದ ಮೇಲೆ ಮೂರನೇ ಸಲ.

ಮೂರು ದಿನ ಕಾದರು.

ಸೋಮವಾರ ಬೆಳಿಗ್ಗೆ ಅಜ್ಜ ಭುಜದ ಮೇಲೆ ಉಗುರು ಎಳೆದರು. ಏನೂ ಏಳಲಿಲ್ಲ. ಒಂದು ತುಂಡು ಟೇಪು ಅಂಟಿಸಿ ಬರ್ರನೆ ಕಿತ್ತರು. ಟೇಪು ಬಂತು, ಬಣ್ಣ ಬರಲಿಲ್ಲ.

“ನಿಂತಿತು,” ಎಂದರು ಅಜ್ಜ.

ಹುಡುಗ ಕೇಳಿದ್ದ ಕೆಂಪು ಅದೇ. ಬಿಸಿಲಿಗೆ ಮಿರಮಿರ ಹೊಳೆಯುತ್ತಿತ್ತು. ಕರಿಬಸಪ್ಪನ ಮುಖ ಮಾತ್ರ ಕಂದಿಹೋಯಿತು. ಹನ್ನೆರಡು ಸಲ ಬಣ್ಣ ಬಿಟ್ಟಾಗ ಬಾಡದ ಮುಖ ಬಣ್ಣ ನಿಂತಾಗ ಬಾಡಿತು.

ನಾಗವೇಣಿ ಅಂದು ಬೆಳಿಗ್ಗೆಯೇ ಬಂದಿದ್ದಳು. ಅದು ಯಾವ ದಿನ ಎಂದು ಮೂವರಿಗೂ ಗೊತ್ತಿತ್ತು. ಕ್ಯಾರಿಯರ್ ಇಟ್ಟು ಎಂದಿನಂತೆ ತಿರುಗಿದಳು.

“ನಿಲ್ಲು ತಾಯಿ,” ಎಂದರು ಅಜ್ಜ. “ಕನ್ನಡಿ ಹಿಡಿಯೋಕೆ ಆ ಮನೆಯ ಹೆಂಗಸು ಬೇಕು.”

ಕರಿಬಸಪ್ಪ ಎದ್ದು ನಿಂತ.

“ಇವತ್ತು ಬೇಡ ಅಜ್ಜ. ನಾಳೆ ಬರೆಯೋಣ.”

ಆ ಮಾತು ಬಾಯಿಂದ ಬಿದ್ದದ್ದೇ ತಡ, ಅವನೇ ಬೆಚ್ಚಿಬಿದ್ದ. ನಾಗವೇಣಿ ಅವನನ್ನು ನೋಡಿದಳು.

ಅಜ್ಜ ಕುಂಚ ಚಾಚಿದರು. ಅವನು ತೆಗೆದುಕೊಳ್ಳಲಿಲ್ಲ.

“ಅದು ಅವನ ಕೆಲಸ ಅಜ್ಜ. ಅವನ ಕೆಲಸ ನಾನು ಹೆಂಗೆ ಮಾಡ್ಲಿ?”

“ಅಪ್ಪ ಸತ್ತರೆ ಮಣ್ಣು ಹಾಕೋದು ಯಾರ ಕೆಲಸ?”

“ಮಗಂದು.”

“ನಿಮ್ಮನೇಲಿ ಯಾರು ಯಾರಿಗೆ ಹಾಕಿದ್ರು?”

ಕರಿಬಸಪ್ಪ ಏಟು ಬಿದ್ದವನಂತೆ ಹಿಂದೆ ಸರಿದ. ನಾಗವೇಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾತು ಕ್ರೂರವಾಗಿತ್ತು. ಅಜ್ಜನಿಗೂ ಅದು ಗೊತ್ತಿತ್ತು, ಆದರೂ ಚಾಚಿದ ಕುಂಚ ಹಿಂದೆ ತೆಗೆಯಲಿಲ್ಲ.

“ಅವನು ನಿಂಗೆ ಹಾಕಬೇಕಿದ್ದ ಮಣ್ಣನ್ನ ನೀನು ಅವನಿಗೆ ಹಾಕಿದೀಯ. ಅದಕ್ಕಿಂತ ಕಷ್ಟದ್ದೇನಪ್ಪ ಈ ಎರಡು ಕಣ್ಣು?”

ಕರಿಬಸಪ್ಪ ಕುಂಚ ತೆಗೆದುಕೊಂಡ.

*

ಒಂದು ವರ್ಷದ ಟೇಪು. ಅದರ ಅಂಟು ಗಟ್ಟಿಯಾಗಿತ್ತು. ಅಂಚನ್ನು ಉಗುರಿನಿಂದ ಎಬ್ಬಿಸಿ, ಮೆಲ್ಲಗೆ ಎಳೆದ. ಮೊದಲನೆಯದು ಬಂತು. ಕೆಳಗೆ ಹಳದಿ ಬಿಳುಪಿನ ಮೇಲೆ ನೀಲಿ ಪೆನ್ನಿನ ಒಂದು ಗುಂಡು. ಸಣ್ಣದು. ಗೆರೆ ಆರಂಭವಾದ ಕಡೆಗೇ ಬಂದು ಸೇರದೆ ತುಸು ಒಳಗೆ ನುಗ್ಗಿತ್ತು.

ಎರಡನೆಯದು ಬಂತು. ಕೆಳಗೆ ಅರ್ಧ ಗುಂಡು ಇತ್ತು.

ಇನ್ನರ್ಧ ಟೇಪಿನ ಅಂಟಿಗೆ ಹತ್ತಿಕೊಂಡು ಬಂದಿತ್ತು.

ಉಳಿಯಲಿ ಎಂದು ಯಾವುದನ್ನು ಮುಚ್ಚಿಟ್ಟಿದ್ದನೋ ಅದನ್ನು ಅವನ ಕೈಯೇ ಕಿತ್ತಿತ್ತು. ಕರಿಬಸಪ್ಪ ಆ ಟೇಪಿನ ತುಂಡನ್ನು ಹಿಡಿದುಕೊಂಡು ಹಾಗೇ ಕೂತ.

“ಹೋಯ್ತು,” ಎಂದ.

ಮಾತಾಡಬೇಕಾದವರು ತಾವಲ್ಲ ಎಂದು ಅಜ್ಜನಿಗೆ ಗೊತ್ತಿತ್ತು. ಕನ್ನಡಿಯನ್ನು ನಾಗವೇಣಿಯ ಕೈಗೆ ಕೊಟ್ಟು, ಎರಡು ಹೆಜ್ಜೆ ಹಿಂದೆ ಹೋಗಿ ಬೇವಿನ ಮರಕ್ಕೆ ಒರಗಿದರು.

ನಾಗವೇಣಿ ಗೊಂಬೆಯ ಎದುರಿಗೆ ಕೂತಳು. ಆ ಅರ್ಧ ಗೆರೆಯನ್ನು ನೋಡಿದಳು.

“ಅದು ದೊಡ್ಡದು ಇತ್ತು ರೀ,” ಎಂದಳು. “ಈ ಕಡೇದಕ್ಕಿಂತ ದೊಡ್ಡದು. ನಾನು ಅಲ್ಲೇ ಕೂತು ಅಕ್ಕಿ ಆರಿಸ್ತಿದ್ದೆ. ‘ಯಾಕೋ ಒಂದು ಸಣ್ಣದು ಒಂದು ದೊಡ್ಡದು ಮಾಡ್ದೆ’ ಅಂದೆ. ‘ಅಣ್ಣ ಕಣ್ಣು ಹೊಡೀತಾನಮ್ಮಾ’ ಅಂದ.”

ಕರಿಬಸಪ್ಪ ತಲೆ ಎತ್ತಿದ.

“ಹಂಗಂದ್ನಾ?”

“ಹೂಂ.”

“ನಂಗೆ ಹೇಳಲೇ ಇಲ್ಲವಲ್ಲ.”

“ನೀವು ಕೇಳಿದ್ರೆ ಅಲ್ವಾ.”

ಅವಳು ಕನ್ನಡಿ ಎತ್ತಿ ಹಿಡಿದಳು. ಅವನು ಹಣೆಗೆ ಟವೆಲ್ ಕಟ್ಟಿಕೊಂಡು ಗೊಂಬೆಯ ಪಕ್ಕಕ್ಕೆ ಸರಿದು ಕೂತ, ಕುಂಚವನ್ನು ಕಪ್ಪು ಬಣ್ಣದಲ್ಲಿ ಅದ್ದಿದ. ಕನ್ನಡಿಯಲ್ಲಿ ಕೆಂಪು ಮುಖ ಕಂಡಿತು, ಅದರ ಪಕ್ಕ ಗಡ್ಡ ಬೆಳೆದ ಒಂದು ಮುಖ ಕಂಡಿತು. ಅದು ಯಾರದು ಎಂದು ತಿಳಿಯುವುದಕ್ಕೆ ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಕನ್ನಡಿ ಅಲ್ಲಾಡಿತು.

“ಗಟ್ಟಿಯಾಗಿ ಹಿಡಿ ವೇಣಿ.”

ಒಂದು ವರ್ಷದಿಂದ ಅವನು ಆ ಹೆಸರು ಕರೆದಿರಲಿಲ್ಲ. ಕನ್ನಡಿ ಇನ್ನೂ ಜಾಸ್ತಿ ಅಲ್ಲಾಡಿತು. ಅವನು ಕಣ್ಣೆತ್ತಿ ಅವಳನ್ನೇ ನೋಡಿದ. ಅವಳ ಮುಂಗೂದಲು ಬೆಳ್ಳಗಾಗಿತ್ತು. ಕುತ್ತಿಗೆಯ ಮೂಳೆ ಎದ್ದಿತ್ತು. ಯಾವಾಗ ಆಯಿತು ಇದೆಲ್ಲ? ಒಂದೇ ಮನೆಯಲ್ಲಿ ಇದ್ದರು.

ಸಣ್ಣ ಕಣ್ಣು ತುಂಬಿದ. ಗೆರೆ ಒಳಗೆ ನುಗ್ಗಿದ್ದ ಕಡೆ ಅವನ ಕೈ ಅದನ್ನು ತಿದ್ದಿ ದುಂಡಗೆ ಮಾಡಲು ಹೋಯಿತು. ಕಸುಬಿನ ಕೈ ಅದು.

“ತಿದ್ದಬೇಡ,” ಎಂದರು ಅಜ್ಜ, ಮರದ ಕಡೆಯಿಂದ. “ಗೆರೆ ಅವನದು. ತುಂಬೋದಷ್ಟೇ ನಿನ್ನದು.”

ಎರಡನೆಯ ಕಣ್ಣಿನ ಅರ್ಧ ತುಂಬಿದ. ಗೆರೆ ಮುಗಿಯಿತು. ಕುಂಚ ನಿಂತಿತು.

“ಇನ್ನ ಎಲ್ಲಿಗೆ?”

“ಇನ್ನೂ ಹೊರಗೆ,” ಎಂದಳು ನಾಗವೇಣಿ. “ಇನ್ನೂ ಒಂದು ಚೂರು. ಹಾಂ, ಅಲ್ಲಿಂದ ಕೆಳಗೆ. ಕೆಳಗೆ ಸ್ವಲ್ಪ ಚಪ್ಪಟೆ ಇತ್ತು. ಹೂಂ. ಹಂಗೇ. ಅಲ್ಲೇ ಬಂದು ಸೇರಿಸಿದ್ದ.”

ಸೇರಿಸಿದ.

ಕೆಂಪು ಮೈಯ ಅಣ್ಣ ಒಂದು ದೊಡ್ಡ ಕಣ್ಣು, ಒಂದು ಸಣ್ಣ ಕಣ್ಣು ಬಿಟ್ಟು ಕನ್ನಡಿ ನೋಡಿಕೊಂಡ. ನಿಜವಾಗಿಯೂ ಕಣ್ಣು ಹೊಡೆಯುತ್ತಿದ್ದ.

ಕರಿಬಸಪ್ಪನ ಕೆಳತುಟಿ ಅದುರಿತು. ಅವನು ತಟ್ಟನೆ ಹಣೆಯ ಟವೆಲನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡು ಮುಖ ಪಕ್ಕಕ್ಕೆ ತಿರುಗಿಸಿದ. ಹಲ್ಲು ಕಚ್ಚಿ ಹಿಡಿದ. ಕಣ್ಣಿನ ಬಣ್ಣ ಇನ್ನೂ ಹಸಿಯಾಗಿತ್ತು.

ಮೂವರೂ ಕಾದರು. ಬೇವಿನ ನೆರಳು ಶೆಡ್ಡಿನ ಬಾಗಿಲಿನಿಂದ ಗೊಂಬೆಯ ಪಾದದವರೆಗೆ ಸರಿಯಿತು. ಹೊಳೆಯಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು. ನಾಗವೇಣಿ ಕನ್ನಡಿ ಕೆಳಗಿಡಲಿಲ್ಲ. ಅವನು ಟವೆಲ್ ಸರಿಸಲಿಲ್ಲ.

ಅಜ್ಜ ಎದ್ದು ಬಂದರು. ಬೆರಳ ಹಿಂಬದಿಯಿಂದ ಸಣ್ಣ ಕಣ್ಣನ್ನು ಮುಟ್ಟಿದರು, ದೊಡ್ಡ ಕಣ್ಣನ್ನು ಮುಟ್ಟಿದರು. ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಕಪ್ಪು ಹತ್ತಿರಲಿಲ್ಲ.

ಆಮೇಲೆ ಬಗ್ಗಿ ಶಿಷ್ಯನ ಮುಖದ ಮೇಲಿನ ಟವೆಲನ್ನು ಬಿಚ್ಚಿದರು.

“ಈಗ ಅಳಪ್ಪ,” ಎಂದರು. “ಬಣ್ಣ ಒಣಗೈತೆ. ನೀರು ಬಿದ್ರೆ ಏನೂ ಆಗಲ್ಲ.”